ಹಗ್ಗವಿಲ್ಲದೆ ಬೊಳ್ಳನನ್ನು ಹುಡುಕಿದವರು

ಹುರುಳಿ ಬೇಯುವ ವಾಸನೆ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಹಾಗಲ್ಲ. ಮೊನ್ನೆ ಸಾರಿಗೆಂದು ಹುರುಳಿ ಬೇಯಲಿಕ್ಕಿಟ್ಟಿದ್ದೆ. ಮುಚ್ಚಳ ತೆಗೆದದ್ದೇ ಆ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಅಷ್ಟರಲ್ಲಿ ಫೋನು. ಅಜೆಕಾರಿನ ಮಾಮನ ಮಗ. "ಅಪ್ಪ ತೀರಿಕೊಂಡರು ಅಕ್ಕ. ನಾಡಿದ್ದು ಉತ್ತರಕ್ರಿಯೆ, ಬೊಜ್ಜಕ್ಕೆ ನೀವು ಬರಬೇಕು" ಎಂದ. ಸೌಟು ಕೈಯಲ್ಲೇ ಉಳಿಯಿತು...

ಮಾಮ ಎಂದರೆ ರಕ್ತಸಂಬಂಧ ಅಲ್ಲ, ಅಪ್ಪನ ಸ್ನೇಹಿತರು. ಎಪ್ಪತ್ತರ ದಶಕದ ಕೊನೆಯ ಮಾತು. ಉಡುಪಿಯಲ್ಲಿ ರಿಕ್ಷಾಗಳು ತುಂಬಿಕೊಳ್ಳುತ್ತಿದ್ದವು, ಜಟಕಾಗಳು ಬೆರಳೆಣಿಕೆಗೆ ಇಳಿದಿದ್ದವು. ಅದರಲ್ಲಿ ಒಂದು ನನ್ನ ಅಪ್ಪನದ್ದು. ಘಟ್ಟದ ಮೇಲಿನಿಂದ ಬಂದ ಯಾತ್ರಿಕರನ್ನು ಬಸ್‌ಸ್ಟ್ಯಾಂಡಿನಿಂದ ಮಠಕ್ಕೆ ಬಿಡುವುದು, ಮತ್ತೆ ತಂದು ಬಸ್ಸು ಹತ್ತಿಸುವುದು. ನಾಲ್ಕು ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ನಾನು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿದು ತರುತ್ತಿದ್ದದ್ದು ಸಾಬೂನಿಗೂ ಸಾಲುತ್ತಿರಲಿಲ್ಲ. ಕುದುರೆಗೆ ಅಪ್ಪ ಬೊಳ್ಳ ಎಂದು ಹೆಸರಿಟ್ಟಿದ್ದರು. ತುಳುವಿನಲ್ಲಿ ಬಿಳಿ ಎತ್ತಿಗೆ ಇಡುವ ಹೆಸರು ಅದು. ಕುದುರೆಗೆ ಎಂತ ಹೆಸರಿಡಬೇಕೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಬೊಳ್ಳನಿಗೆ ದಿನಾ ಹುರುಳಿ ಬೇಯಿಸಿ ಡಬ್ಬದಲ್ಲಿ ಹಾಕಿ ಕೊಡುವ ಕೆಲಸ ನನ್ನದು. ಡಬ್ಬದ ಸದ್ದು ಕೇಳಿದರೆ ಸಾಕು, ಎಡಗಿವಿ ನೆಟ್ಟಗಾಗುತ್ತಿತ್ತು. ಆ ಕಿವಿಯ ತುದಿ ಸ್ವಲ್ಪ ಹರಿದಿತ್ತು.

ಮಳೆಗಾಲದಲ್ಲಿ ನಮ್ಮ ಅಂಗಳದ ಕೆಸರಿನಲ್ಲಿ ನಿಂತರೆ ಕುದುರೆಯ ಗೊರಸು ಕೊಳೆಯುತ್ತದೆ. ಹಾಗಾಗಿ ಪ್ರತಿ ವರ್ಷ ಎರಡು ತಿಂಗಳು ಬೊಳ್ಳನನ್ನು ಮಾಮನ ದನದ ಹಟ್ಟಿಗೆ ಬಿಡುವುದು. ಅಜೆಕಾರಿನ ಗುಡ್ಡದ ಮೇಲೆ, ಒಂದು ತೊಟ್ಟು ನೀರು ನಿಲ್ಲದ ಮುರಕಲ್ಲಿನ ಜಾಗದಲ್ಲಿ ಉದ್ದನೆಯ ಹಟ್ಟಿ ಇತ್ತು. ಸುತ್ತಲಿನವರೆಲ್ಲ ಮಳೆಗಾಲಕ್ಕೆ ಎತ್ತು, ಕೋಣಗಳನ್ನು ಅಲ್ಲೇ ಬಿಡುತ್ತಿದ್ದರು. ಮಾಮನ ಕೈಗೆ ಕೊಟ್ಟ ಪ್ರಾಣಿ ಮೈ ತುಂಬಿಕೊಂಡೇ ಬರುತ್ತದೆ ಎಂಬ ಹೆಸರಿತ್ತು. ಗದ್ದೆಗೆ ಹೋಗುವಾಗಲೂ ಅವರ ಹೆಗಲಲ್ಲಿ ಒಂದು ಹಗ್ಗ ಇರುತ್ತಿತ್ತು. ದೈವಭಕ್ತಿಯಂತೂ ಕೇಳುವುದೇ ಬೇಡ. ಒಂದು ಹೇಂಟೆ ಕೋಳಿ ಕಾಣದಿದ್ದರೂ ದೈವಕ್ಕೆ ಒಂದು ಸೀಯಾಳದ ಹರಕೆ ಹೇಳುವವರು. ಹೇಂಟೆ ಬಂದರೆ ಮರುದಿನವೇ ಸೀಯಾಳ ಒಪ್ಪಿಸಿ ಬರುವವರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಎಂದರೆ, ಅಮ್ಮ ಬೈದರೆ "ಮಾಮನ ಮನೆಗೆ ಹೋಗ್ತೇನೆ ನೋಡು" ಎಂದು ಹೆದರಿಸುತ್ತಿದ್ದೆ.

ಆ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಕಾರ್ಕಳದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಬೊಳ್ಳ ಹಟ್ಟಿಯಿಂದ ತಪ್ಪಿಸಿಕೊಂಡಿದ್ದಾನಂತೆ, ಕೂಡಲೇ ಬರಬೇಕಂತೆ. ಅಪ್ಪ ಹಗ್ಗ ಹೆಗಲಿಗೆ ಹಾಕಿದರು. ನಾನು ಹುರುಳಿ ಡಬ್ಬ ಹಿಡಿದುಕೊಂಡೆ. ಮಾಮ ನಮ್ಮನ್ನು ಕಂಡದ್ದೇ ಅಪ್ಪನ ಎರಡೂ ಕೈ ಹಿಡಿದು ಅತ್ತರು. "ಹೆದರಬೇಡ ಮಾರಾಯ, ಗುಡ್ಡೆ ಗುಡ್ಡೆ ಹುಡುಕುವ" ಎಂದರು.

ಮೂರು ದಿನ ಹುಡುಕಿದೆವು. ಕೊಡೆ ಹಿಡಿದುಕೊಂಡು ಮಾಮ ಮುಂದೆ, ನಾವು ಹಿಂದೆ. ಕಣಿವೆ ಬಂದಲ್ಲೆಲ್ಲ ನಿಂತು "ಬೊಳ್ಳಾ... ಓ ಬೊಳ್ಳಾ..." ಎಂದು ಕೂಗುತ್ತಿದ್ದರು. ಕೂಗಿ ಕೂಗಿ ಅವರ ಸ್ವರವೇ ಒಡೆದು ಹೋಯಿತು. ಪೆರ್ಡೂರಿನಲ್ಲಿ ಬಿಳಿ ಕುದುರೆ ನೋಡಿದೆ ಎಂದು ಯಾರೋ ಹೇಳಿದರು. ಮಳೆಯಲ್ಲಿ ನೆನೆದುಕೊಂಡು ಹೋಗಿ ನೋಡಿದರೆ ಅದು ದೇವಸ್ಥಾನದ ಹತ್ತಿರ ಮಲಗಿದ್ದ ಒಂದು ಹೋರಿ! ಅಪ್ಪ ಅಲ್ಲೇ ಕುಸಿದು ಕುಳಿತರು. ಮಾಮ ನಮಗೆ ಚಹಾ, ಗೋಳಿಬಜೆ ಕೊಡಿಸಿ, ತನ್ನ ಒಣ ಬೈರಾಸನ್ನು ನನ್ನ ತಲೆಗೆ ಸುತ್ತಿದರು. ಶೀತ ಆದೀತು ಮಗಾ ಎಂದರು.

ಮೂರನೆಯ ದಿನ ಕಾರ್ಕಳದ ದಾರಿಯಲ್ಲಿ ಒಂದು ದೈವದ ಗುಡಿ ಸಿಕ್ಕಿತು. ಅಪ್ಪ ಚಪ್ಪಲಿ ಕಳಚಿ ಕೈಮುಗಿದರು. "ಒಮ್ಮೆ ನನ್ನ ಬೊಳ್ಳ ಕಣ್ಣಿಗೆ ಬೀಳಲಿ, ಬೆಳ್ಳಿಯ ಕುದುರೆ ಒಪ್ಪಿಸುತ್ತೇನೆ" ಎಂದರು. ಮಾಮ ಗುಡಿಯ ಹೊರಗೆ, ಕೊಡೆಯ ಕಡ್ಡಿ ಸರಿಮಾಡುತ್ತಾ ನಿಂತಿದ್ದರು.

"ನೀವೂ ಒಂದು ಹರಕೆ ಹೇಳಿ ಮಾಮ" ಎಂದೆ.

"ಅಪ್ಪ ಹೇಳಿದರಲ್ಲ ಮಗಾ, ಇನ್ನೊಂದು ಯಾಕೆ?" ಎಂದರು. ಮುಖ ಎತ್ತಲಿಲ್ಲ. ಹಟ್ಟಿಯಿಂದ ಪ್ರಾಣಿ ಕಳೆದುಹೋದ ನಾಚಿಕೆಗೆ ದೈವದ ಮುಂದೆ ಬರುತ್ತಿಲ್ಲ ಎಂದುಕೊಂಡೆ. ನನಗೆ ಅವರ ಮೇಲೆ ಇನ್ನಷ್ಟು ಕನಿಕರ ಬಂತು. ಎಂತಹ ಮಂಕು ನಾನು!

ಬೊಳ್ಳ ಸಿಗಲಿಲ್ಲ. ಜಟಕಾ ಅಂಗಳದಲ್ಲಿ ನಿಂತಲ್ಲೇ ಗೆದ್ದಲು ಹಿಡಿಯಿತು. ಅಪ್ಪ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ವಾಚ್‌ಮ್ಯಾನ್ ಆದರು. ಜೀವಮಾನವಿಡೀ ಗಾಡಿಯ ಮೇಲೆ ಕುಳಿತವರು ಸ್ಟೂಲಿನ ಮೇಲೆ ಕುಳಿತುಕೊಳ್ಳುವುದನ್ನು ನೋಡಲಿಕ್ಕೆ ನನಗೆ ಆಗುತ್ತಿರಲಿಲ್ಲ.

ಮಳೆ ಮುಗಿದು ಮದುವೆಗಳು ಸುರುವಾದಾಗ ಅಂಗಡಿಯಲ್ಲಿ ಹೊಲಿದ ರವಿಕೆ ಕೊಟ್ಟು ಬರಲೆಂದು ನಾನು ಕಾಪುವಿಗೆ ಹೋಗಿದ್ದೆ. ಕೊಟ್ಟಾಯಿತು, ಬಸ್ಸಿಗೆ ಹೊತ್ತು ಉಂಟಲ್ಲ ಎಂದು ಕಡಲ ಕಡೆ ನಡೆದೆ. ಲೈಟ್‌ಹೌಸಿನ ಕೆಳಗೆ ಒಂದು ಬಿಳಿ ಕುದುರೆ ನಿಂತಿತ್ತು. ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದರು. ನನ್ನ ಬಾಯಿಯಿಂದ "ಬೊಳ್ಳಾ" ಎಂದು ಹೊರಟದ್ದೇ, ಆ ಹರಿದ ಕಿವಿ ನೆಟ್ಟಗಾಯಿತು. ಮೇಲೆ ಕುಳಿತಿದ್ದ ಮಗುವನ್ನೂ ಹೊತ್ತುಕೊಂಡು ನೇರ ನನ್ನ ಹತ್ತಿರ ಬಂದು ಖಾಲಿ ಅಂಗೈಯನ್ನು ಮೂಸಿತು.

ಕುದುರೆಯವರು ಒಳ್ಳೆಯ ಮನುಷ್ಯ. ನಾನು ಅಳುವುದನ್ನು ಕಂಡು ಗಾಬರಿಯಾದರು. "ಆಟಿ ಸುರುವಾಗುವ ಮೊದಲೇ ಕೊಂಡದ್ದು ತಂಗಿ. ಅಜೆಕಾರಿನವರು ತಾವೇ ನಡೆಸಿಕೊಂಡು ಬಂದು ಕೊಟ್ಟರು. ಗಾಡಿ ಹೊಡೆಯುವವರಿಗೆ ಸೊಂಟ ಹೋಗಿದೆ, ಅವರೇ ಮಾರಲಿಕ್ಕೆ ಹೇಳಿದ್ದು ಎಂದರಲ್ಲ?"

ಆಟಿಯ ಮೊದಲೇ! ಬಸ್ಸಿನಲ್ಲಿ ಕುಳಿತ ಮೇಲೆ ಒಂದೊಂದೇ ಹೊಳೆಯತೊಡಗಿತು. ಮೂರು ದಿನದಲ್ಲಿ ಒಂದು ದಿನವೂ ಮಾಮನ ಹೆಗಲಲ್ಲಿ ಹಗ್ಗ ಇರಲಿಲ್ಲ. ಬೊಳ್ಳ ಅಲ್ಲಿ ಇಲ್ಲ ಎಂದು ಗೊತ್ತಿದ್ದವರಿಗೆ ಹಗ್ಗ ಎಂತಕ್ಕೆ? ಕೊಡೆ ಸಾಕಿತ್ತು.

ಮರುದಿನವೇ ಅಜೆಕಾರಿಗೆ ಹೋದೆ. ಮಾಮ ಅಂಗಳದಲ್ಲಿ ಬೈಹುಲ್ಲು ಕಟ್ಟುತ್ತಿದ್ದರು. ಕಾಪುವಿನಲ್ಲಿ ಬೊಳ್ಳನನ್ನು ನೋಡಿದೆ ಎಂದೆ. ಕೈ ನಿಂತಿತು. ಯಾಕೆ ಮಾರಿದಿರಿ ಎಂದು ನಾನು ಕೇಳಲಿಲ್ಲ. ಅದು ಇವತ್ತಿಗೂ ನನಗೆ ಗೊತ್ತಿಲ್ಲ. "ಮತ್ತೆ ನಮ್ಮ ಜೊತೆ ಹುಡುಕಿದ್ದು ಎಂತಕ್ಕೆ ಮಾಮ?" ಎಂದಷ್ಟೇ ಕೇಳಿದೆ.

ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಬದಿಗಿಟ್ಟರು. ಆಮೇಲೆ, ನನ್ನಿಂದಲೇ ಏನೋ ತಪ್ಪಾಗಿದೆ ಎನ್ನುವ ಹಾಗೆ ಹೇಳಿದರು. "ನಾನು ಹರಕೆ ಹೇಳಲಿಲ್ಲ, ಅಲ್ವಾ? ದೈವದ ಮುಂದೆ ನಾನು ಸುಳ್ಳು ಹೇಳಿದವನಲ್ಲ ಮಗಾ."

ಬಂದ ದಾರಿಯಲ್ಲೇ ತಿರುಗಿದೆ.

ಅಪ್ಪ ಎಲ್ಲ ಕೇಳಿದರು. ಪೊಲೀಸರ ಹತ್ತಿರ ಹೋಗುವ ಎಂದರೆ ಬೇಡ, ದುಡ್ಡು ಕೊಟ್ಟು ಕೊಂಡವರಿಂದ ಕುದುರೆ ಕಿತ್ತುಕೊಳ್ಳುವುದೂ ಬೇಡ ಎಂದರು. ಇಪ್ಪತ್ತು ವರ್ಷ ಅಜೆಕಾರಿನ ಮನೆಯ ಅನ್ನ ಉಂಡಿದ್ದೇನೆ ಎಂದರು. ಮಾಡಿದ್ದೆಂದರೆ ಒಂದೇ, ನನ್ನ ಕಾಲಿನ ಬೆಳ್ಳಿ ಗೆಜ್ಜೆ ಕೇಳಿದರು. ಅಕ್ಕಸಾಲಿಗನಿಗೆ ಕೊಟ್ಟು ಬೆರಳುದ್ದದ ಕುದುರೆ ಮಾಡಿಸಿದರು. ಅಮ್ಮ ಕೆಂಡವಾದರು. "ಕುದುರೆ ಇಲ್ಲ, ಗಾಡಿ ಇಲ್ಲ, ನಿಮಗೆ ಹರಕೆಯೊಂದು ಕೇಡು!"

"ಕಣ್ಣಿಗೆ ಬೀಳಲಿ ಅಂತ ಕೇಳಿದ್ದೆ. ಮಗಳ ಕಣ್ಣಿಗೆ ಬಿತ್ತಲ್ಲ" ಎಂದು ಅಪ್ಪ ಗುಡಿಗೆ ಹೋಗಿ ಒಪ್ಪಿಸಿ ಬಂದರು. ಆಮೇಲೆ ಅವರು ಸಾಯುವವರೆಗೆ ನಮ್ಮ ಮನೆಯಲ್ಲಿ ಕುದುರೆಯ ಮಾತಾಗಲಿ ಮಾಮನ ಮಾತಾಗಲಿ ಬರಲಿಲ್ಲ.

ಅಂದು ಬಾರದ ಉತ್ತರ ಎಷ್ಟೋ ವರ್ಷಗಳ ಮೇಲೆ ಬಂತು. ದೈವಕ್ಕೆ ಕೊಟ್ಟ ಮರ್ಯಾದೆಯಲ್ಲಿ ಒಂದು ಚೂರನ್ನು ನಮಗೂ ಕೊಡಬಹುದಿತ್ತಲ್ಲ ಮಾಮ? ನಾವೂ ನಂಬಿ ಕೈಮುಗಿದುಕೊಂಡೇ ನಿಮ್ಮ ಹಿಂದೆ ನಡೆದವರು. ಹೇಳಬೇಕೆಂದು ಇಟ್ಟುಕೊಂಡಿದ್ದೆ. ಈಗ ಕೇಳುವವರೇ ಇಲ್ಲ.

"ಅಪ್ಪ ಕೊನೆಗೆ ನಿಮ್ಮನ್ನು ಕೇಳುತ್ತಿದ್ದರು ಅಕ್ಕ" ಎಂದ ಫೋನಿನಲ್ಲಿ ಮಾಮನ ಮಗ. ಅವನಿಗೆ ಏನೂ ಗೊತ್ತಿಲ್ಲ. ಬೊಜ್ಜಕ್ಕೆ ಬರಲಿಕ್ಕೆ ಆಗುವುದಿಲ್ಲ, ಕಾಲುನೋವು ಎಂದೆ. ಫೋನು ಇಟ್ಟು ಒಲೆ ಆರಿಸಿದೆ. ಹುರುಳಿ ತಳ ಹಿಡಿದಿತ್ತು. ಅಲ್ಲೇ ಮಣೆ ಎಳೆದು ಕುಳಿತು ಅತ್ತೆ, ಬೊಳ್ಳನಿಗಾಗಿ ಅಲ್ಲ. ಸುಳ್ಳೆಂದು ಗೊತ್ತಾಗಿ ಇಷ್ಟು ವರ್ಷ ಆಯಿತು, ಆದರೂ ಆ ಮಳೆಯಲ್ಲಿ ಕೂಗಿದ ಸ್ವರವನ್ನು ನನ್ನ ಕಿವಿ ಇನ್ನೂ ನಂಬುತ್ತದೆ...