ಏಳನೆಯ ಎಣಿಕೆಗೆ ಹಿಂದಿಡುವ ಕಾಲು

ಬೆಳಗಿನ ಐದೂವರೆ. ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಮೌನೇಶ್ವರಿ ರೊಟ್ಟಿ ಬಡಿಯುತ್ತಿದ್ದಾರೆ. ಗಂಡ ಶೇಖರ ಮಾನ್ವಿಯ ಅಕ್ಕಿ ಗಿರಣಿಗೆ ಹೋಗಲು ಆರೂಕಾಲಿನ ಬಸ್ಸು ಹಿಡಿಯಬೇಕು. ಬುತ್ತಿಗೆ ಇನ್ನೂ ಮೂರು ರೊಟ್ಟಿ ಬೇಕು. ಪಕ್ಕದ ಟ್ರಂಕಿನ ಮೇಲೆ ಹಳೆಯ ಲ್ಯಾಪ್‌ಟಾಪ್ ತೆರೆದಿದೆ. ಎಂಟು ವರ್ಷದ ಮಗಳು ದಾನೇಶ್ವರಿ, ಒಂದು ಜಡೆ ಹೆಣೆದು ಇನ್ನೊಂದು ಹಾಗೇ ಬಿಚ್ಚಿಕೊಂಡಿರುವಾಗಲೇ, ಹೋಗಿ ಒಂದು ಗುಂಡಿ ಒತ್ತುತ್ತಾಳೆ. ಪಿಯಾನೊ ದನಿಯಲ್ಲಿ ಹಾಡೊಂದು ಹೊರಡುತ್ತದೆ.

ಬಾಗಿಲ ಬಳಿ ಕೊತ್ತಂಬರಿ ಸೋಸುತ್ತಾ ಕೂತಿರುವವರು ಮೌನೇಶ್ವರಿಯ ತಾಯಿ ಬಸ್ಸಮ್ಮ. ನಿನ್ನೆಯಷ್ಟೇ ಮಸರಕಲ್‌ನಿಂದ ಬಂದಿದ್ದಾರೆ. ಕಿವಿಗೊಟ್ಟು ಕೇಳಿ, "ಯಾರ ಹಾಡಬೇ ಇದು?" ಅನ್ನುತ್ತಾರೆ.

ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ. "ನಿಂದೇ ಯವ್ವಾ. ನೆಲ್ಲು ಹಚ್ಚೋ ಹಾಡು. ಹೋದ ವರ್ಷ ಫೋನಿನಾಗ ನೀನೇ ಹಾಡಿದ್ದಿಯಲ್ಲ."

"ನನ್ನ ಹಾಡು ಹಿಂಗ ಕುಂಟತಿದ್ದಿಲ್ಲ ಬಿಡು."

ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಯಾರೂ ನೋಡುವುದಿಲ್ಲ.

ಮೌನೇಶ್ವರಿ ಮಾಡುವುದು ಹಾಡನ್ನು ಕಾಗದಕ್ಕಿಳಿಸುವ ಕೆಲಸ. ಐದು ಗೆರೆಗಳ ಮೇಲೆ ಚುಕ್ಕಿ ಕೂರಿಸಿ, ಕೀಬೋರ್ಡ್ ನುಡಿಸುವವರು ನೋಡಿ ಓದುವಂತೆ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಹಾಸ್ಟೆಲ್ಲಿನಲ್ಲಿದ್ದಾಗ ಪಕ್ಕದ ಚರ್ಚಿನ ಟೀಚರಮ್ಮನೊಬ್ಬರು ಗೆರೆ ಓದುವುದನ್ನು ಕಲಿಸಿದ್ದರು. ಓದು ಮುಗಿದ ಮೇಲೆ ಗುಲಾಮ್ ದಸ್ತಗೀರ್ ಅವರ ಟೈಪಿಂಗ್ ಅಂಗಡಿ ಸೇರಿದರು. ಅವರ ಭಾವಮೈದುನನದು ಮದುವೆಯ ಬ್ಯಾಂಡು. "ಲಗ್ನಪತ್ರಿಕಿ ಟೈಪ್ ಮಾಡ್ತಿ, ಲಗ್ನದ ಬ್ಯಾಂಡೂ ಟೈಪ್ ಮಾಡು ಬೇಟಿ ಅಂದ್ರು. ನಗಚಾಟಿಕಿಗಿ ಅಂದಿದ್ರು, ನಾ ಖರೇನೇ ಮಾಡಿದೆ," ಎಂದು ಮೌನೇಶ್ವರಿ ನಗುತ್ತಾರೆ. ಹನ್ನೊಂದು ವರ್ಷವಾಯಿತು. ದಿನಕ್ಕೆ ನಾಲ್ಕು ಪುಟ. ಬೆಳಗ್ಗೆ ಕರೆಂಟು ಹೋಗುವ ಮೊದಲು ಎರಡು, ಮಗಳು ಶಾಲೆಗೆ ಹೋದ ಮೇಲೆ ಎರಡು. ಈ ನಡುವೆ ನೀರು ಬರುತ್ತದೆ, ಹಾಲಿನವರು ಕರೆಯುತ್ತಾರೆ, ಬಟ್ಟೆ ಒಣಗುತ್ತವೆ. ಅವರ ಕೆಲಸ ನೋಡಲೆಂದು ಬಂದಿರುವ ನಾನು, ಅವರು ಒಂದೆಡೆ ಅರ್ಧ ಗಂಟೆ ಕೂತದ್ದನ್ನು ನೋಡಲಿಲ್ಲ. ಕೂತಾಗಲೂ ಕಾಲು ಅಲ್ಲಾಡುತ್ತಲೇ ಇರುತ್ತದೆ.

ಈಗ ಕೈಯಲ್ಲಿರುವುದು ದುಡಿಮೆಯ ಹಾಡುಗಳ ಪುಸ್ತಕ. ಸಣ್ಣದೊಂದು ಸಂಸ್ಥೆ ಶಾಲೆಗಳಿಗೆಂದು ನಲವತ್ತೊಂದು ಹಾಡು ಸೇರಿಸಿದೆ. ನಲವತ್ತನ್ನು ಕಳಿಸಿಯಾಗಿದೆ. ಕೊನೆಯದು ಬಸ್ಸಮ್ಮನದು. ಇಂದು ಹನ್ನೆರಡು ಗಂಟೆಗೆ ಅಚ್ಚಿಗೆ ಹೋಗಬೇಕು.

"ಅಚ್ಚಾದ ಮ್ಯಾಲ ಮುಗೀತ್ರಿ," ಅನ್ನುತ್ತಾರೆ ಮೌನೇಶ್ವರಿ, ಸೀದ ರೊಟ್ಟಿಯನ್ನು ತಮ್ಮ ಪಾಲಿಗೆ ಎತ್ತಿಡುತ್ತಾ. "ನೂರಾ ಇಪ್ಪತ್ತು ಸಾಲಿಗಳಿಗೆ ಹೋಗ್ತದ. ಮಕ್ಕಳು ಅದನ್ನೇ ಕಲೀತಾವ. ಪುಸ್ತಕದಾಗ ನನ್ನ ಹೆಸರು ಇರಲಿ ಬಿಡಲಿ. ನಮ್ಮವ್ವ ಕೇಳಿ 'ನಂದು' ಅನ್ನಬೇಕು, ಅಷ್ಟೇ."

ಶೇಖರ ಬುತ್ತಿ ಹಿಡಿದು ಓಡುತ್ತಾರೆ. ಮೌನೇಶ್ವರಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಪರದೆಯ ಮೇಲೆ ಅಡ್ಡಗೆರೆಗಳ ನಡುವೆ ಹಾಡು ತುಂಡು ತುಂಡಾಗಿ ನಿಂತಿದೆ. ಸಂಗೀತದವರು ಇಂಥ ಒಂದು ತುಂಡಿಗೆ ಮೆಷರ್ ಅನ್ನುತ್ತಾರೆ. ಮೌನೇಶ್ವರಿಗೆ ಅದು ಗದ್ದೆಯ ಮಡಿ. ನಡುವಿನ ಗೆರೆ ಬದು. ಕಂಪ್ಯೂಟರು ತಾನಾಗಿ ಪ್ರತಿ ಮಡಿಗೂ ನಾಲ್ಕು ಎಣಿಕೆ ಕೊಟ್ಟಿರುತ್ತದೆ. ಹಾಡಿನ ಒಂದೊಂದು ಸಾಲೂ ಎರಡು ಮಡಿಯಲ್ಲಿ ಕೂತಿದೆ, ಆದರೆ ಪ್ರತಿ ಸಾಲಿನ ಕೊನೆಗೆ ಮುರಿದ ಕಡ್ಡಿಯಂಥ ಒಂದು ಗುರುತು. ದಾನೇಶ್ವರಿ ಅದರ ಮೇಲೆ ಬೆರಳಿಡುತ್ತಾಳೆ.

"ಯವ್ವಾ, ಇದು?"

"ಅಲ್ಲಿ ದನಿ ನಿಲ್ಲಬೇಕು ಅಂತ ಗುರುತು. ಜಾಗ ಖಾಲಿ ಉಳಿದರ ಅದೇ ತಂದು ತುಂಬತದ."

"ಹಂಗಾರ…"

"ತಡಿಯವ್ವಾ. ಹನ್ನೆರಡಕ್ಕ ಕಳಸಬೇಕು."

ಮಗುವಿನ ಕಣ್ಣು ಆ ಗುರುತಿನ ಮೇಲೇ ಇದೆ.

ಮೌನೇಶ್ವರಿ ಒಂದು ಸಾಲನ್ನು ಬಾಯಿಬಿಟ್ಟು ಎಣಿಸುತ್ತಾರೆ, ಎಂಟು ಬರುತ್ತದೆ. ಮತ್ತೆ ಎಣಿಸುತ್ತಾರೆ. ಬಸ್ಸಮ್ಮ ಕೊತ್ತಂಬರಿ ಕೆಳಗಿಡುತ್ತಾರೆ. "ಎಂಟು ಎಲ್ಲಿಂದ ಬಂತಬೇ? ಆರು ಸಸಿ ಊರ್ತೀವಿ, ಏಳಕ್ಕ ಕಾಲು ಹಿಂದಕ. ಮತ್ತ ಆರು."

"ಉಸಿರು ತಗೊಳಾಕ ನಿಲ್ತಿದ್ದಿಲ್ಲೇನು?"

"ನಿಂತರ ಸಾಲು ಮುರೀತದ. ಬಾಜೂಕಿನಾಕಿ ಬೈತಾಳ."

ಅರವತ್ತೆಂಟರ ಬಸ್ಸಮ್ಮ ಏಳುತ್ತಾರೆ. ಸೋಸಿದ ಕೊತ್ತಂಬರಿಯ ಕಟ್ಟನ್ನೇ ಎಡಗೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ ಬಾಗುತ್ತಾರೆ. ಬಲಗೈ ಒಂದೊಂದೇ ಎಸಳನ್ನು ನೆಲಕ್ಕೆ ಮುಟ್ಟಿಸುತ್ತಾ ಎಡದಿಂದ ಬಲಕ್ಕೆ ಹೋಗುತ್ತದೆ. ಆರು. ಕಾಲು ಹಿಂದಕ್ಕೆ. ಇಪ್ಪತ್ತಾರು ವರ್ಷ ಮಾನ್ವಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಅವರು ಹೀಗೇ ಹಿಂದಕ್ಕೆ ನಡೆದಿದ್ದಾರೆ. ಒಲೆಯಿಂದ ಬಾಗಿಲವರೆಗೆ ಹಾಡುತ್ತಾ ಹೋಗುತ್ತಾರೆ, ಬೆನ್ನು ಬಾಗಿಲಿಗೆ ತಾಗಿದಾಗ ನೆಟ್ಟಗಾಗಿ, "ಇಲ್ಲಿಂದ ಬದುವಿನ ಮ್ಯಾಲ ನಡಿಯೋದು. ಇಲ್ಲಿ ನಾಕೇ," ಅನ್ನುತ್ತಾರೆ.

ಮೊದಲು ಮೌನೇಶ್ವರಿ ಹಾಡಿನ ತಲೆಗೆ ಇದ್ದ ನಾಲ್ಕನ್ನು ಏಳು ಮಾಡಿ ನೋಡುತ್ತಾರೆ. ಕೆಲಸ ಕೆಡುತ್ತದೆ. ನಿಲ್ಲುವ ಗುರುತು ಅಳಿಯುವುದಿಲ್ಲ. ಮುಂದಿನ ಮಡಿಯ ತಲೆಗೆ ಹೋಗಿ ಕೂರುತ್ತದೆ, ಹಾಡೆಲ್ಲ ಮುಂದಕ್ಕೆ ಸರಿಯುತ್ತದೆ. ಅಷ್ಟರಲ್ಲಿ ನಳದ ನೀರು ಬರುತ್ತದೆ. ಕೊಡ ತುಂಬಿಸಿ ಬರುತ್ತಾರೆ. ಕರೆಂಟು ಹೋಗುತ್ತದೆ. ಬ್ಯಾಟರಿ ಹತ್ತು ನಿಮಿಷದ್ದು.

ಮಾಡಿದ್ದನ್ನು ರದ್ದು ಮಾಡಿ, ಈ ಸಲ ಬೇರೆ ದಾರಿ ಹಿಡಿಯುತ್ತಾರೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಹಾಡುವ ಭಾಗಕ್ಕೆ ಮೊದಲೇ ನಾಲ್ಕು ಎಂದು ಬರೆದು ಕಾಯ್ದಿಡುತ್ತಾರೆ, ಸಸಿ ಊರುವ ಭಾಗದ ಬದಲಾವಣೆ ಅಲ್ಲಿಗೆ ನುಗ್ಗದಂತೆ. ಆಮೇಲೆ ಸಾಲಿನ ಎರಡು ಮಡಿ ಹಿಡಿದು ನಡುವಿನ ಬದು ಒಡೆದು ಒಂದು ಮಾಡುತ್ತಾರೆ. ಕೊನೆಯ ಆ ಖಾಲಿ ಎಣಿಕೆಯನ್ನು ಕತ್ತರಿಸುತ್ತಾರೆ. ಎಂಟು ಏಳಾಗುತ್ತದೆ. ಇಪ್ಪತ್ತನಾಲ್ಕು ಮಡಿ ಹನ್ನೆರಡಾಗುವವರೆಗೆ ಬೆರಳು ನಿಲ್ಲುವುದಿಲ್ಲ. ದಾನೇಶ್ವರಿ ಎರಡು ಸಲ ತಾಯಿಯ ಸೆರಗು ಜಗ್ಗುತ್ತಾಳೆ. ಎರಡು ಸಲವೂ "ತಡಿ" ಎಂಬ ಉತ್ತರ.

ಹಾಡು ಮತ್ತೆ ಹೊರಡುತ್ತದೆ. ನೆಲದ ಮೇಲೆ ಬಸ್ಸಮ್ಮನ ಬಲಗಾಲು ಏಳಕ್ಕೊಮ್ಮೆ ಹಿಂದೆ ಸರಿಯುತ್ತದೆ. ಹಾಡು ಮುಗಿದಾಗ, "ಈಗ ನಂದು," ಅನ್ನುತ್ತಾರೆ.

ಮೌನೇಶ್ವರಿ ಕಡತ ಕಳಿಸಿ ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಮುಚ್ಚಿದವರೇ ಎದ್ದು ನೆಲದಲ್ಲಿ ಬಿದ್ದ ಕೊತ್ತಂಬರಿ ಆಯುತ್ತಾರೆ, ಕಸಬರಿಗೆ ಹುಡುಕುತ್ತಾರೆ. ಬಸ್ಸಮ್ಮ ಆಗಲೇ ಒಲೆಯ ಮುಂದೆ ಹೋಗಿ ಉಳಿದ ಹಿಟ್ಟು ನಾದುತ್ತಿದ್ದಾರೆ. ಇನ್ನೊಂದು ಜಡೆ ಬಿಚ್ಚಿಕೊಂಡೇ ಇರುವ ದಾನೇಶ್ವರಿ ಇಬ್ಬರ ನಡುವೆ ಬಂದು ನಿಲ್ಲುತ್ತಾಳೆ. ಈ ಸಲ ಯಾರ ಸೆರಗೂ ಜಗ್ಗುವುದಿಲ್ಲ.

"ಅಜ್ಜೀ, ಹಂಗಾರ ನೀವು ನಿಲ್ತಿದ್ದದ್ದು ಯಾವಾಗ?"