ಮುನಿಯಲ್ಲಮ್ಮನ ಗಟ್ಟಿ ಮಾಲು

ಮುನಿಯಲ್ಲಮ್ಮನ ತಾತ ದೊಡ್ಡಮುನಿಯಪ್ಪ ಬಾಗಲೂರಿನಾಚೆಯ ಕೆರೆಗೆ ನೀರು ಬಿಡುವ ತೂಬು ಕಟ್ಟಿದವನು. ಒಂದು ಮಳೆಗಾಲದಲ್ಲಿ ಕೆರೆಯ ಏರಿಯೇ ಅರ್ಧ ಕೊಚ್ಚಿಕೊಂಡು ಹೋದರೂ ತೂಬು ಮಾತ್ರ ಹಲ್ಲು ಕಚ್ಚಿಕೊಂಡು ನಿಂತಿತ್ತು. ಅಜ್ಜಿ ಪಟಾಲಮ್ಮ ಆ ತೂಬಿಗೆ ಗಾರೆ ಕುಟ್ಟಿದವಳು. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ರಸ ಬಿಟ್ಟು, ತುಂಬು ಬಸುರಿಯಾಗಿಯೇ ಒನಕೆ ಹಾಕಿದಳಂತೆ. ಯಾರಾದರೂ ಒಂದು ಚೊಂಬು ನೀರು ಹೆಚ್ಚಿಗೆ ಸುರಿದರೆ ಅದೇ ಒನಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳಂತೆ. ಗಾರೆ ಗಟ್ಟಿ ಇದ್ದಷ್ಟೂ ಗೋಡೆ ಗಟ್ಟಿ ಎಂಬುದು ಆ ಮನೆತನಕ್ಕೆ ವೇದವಾಕ್ಯ. ಅಪ್ಪ ಆಂಜಿನಪ್ಪ ಯಲಹಂಕದ ಸುತ್ತಮುತ್ತ ಬಾವಿಗಳಿಗೆ ಕಲ್ಲು ಕಟ್ಟಿದ. ಅವೆಲ್ಲ ಈಗ ಅಪಾರ್ಟ್‌ಮೆಂಟುಗಳ ಅಡಿಗೆ ಸೇರಿಹೋಗಿವೆ. ಆದರೆ ಜನ ಮುಚ್ಚಿದರೇ ಹೊರತು ತಾನಾಗಿ ಕುಸಿದ ಬಾವಿ ಒಂದೂ ಇಲ್ಲ.

ಇಂಥವರ ಮಗಳಿಗೆ ಜಂಬ ಇರದೆ ಇನ್ನೇನು ಇದ್ದೀತು? ಜಂಬದ ಜೊತೆಗೆ ಕತ್ತರಿಯಂಥ ನಾಲಿಗೆಯೂ ಇತ್ತು.

ತಮ್ಮ ನಂದಕುಮಾರ, ಹೆಣ್ಣುಮಕ್ಕಳಿಗೆ ಮಣ್ಣಿನಲ್ಲಿ ಪಾಲಿಲ್ಲ ಎಂದು ಊರವರ ಮುಂದೆ ತೊಡೆ ತಟ್ಟಿದ್ದ. ಅವಳು ಕೋರ್ಟಿನ ಮೆಟ್ಟಿಲು ಸವೆಸಿ, ಅವನ ಬಾಯಿಂದ ಕಿತ್ತುಕೊಂಡ ಹಾಗೆ ರಸ್ತೆ ಬದಿಯ ಒಂದು ತುಂಡು ನೆಲ ತಂದುಕೊಂಡಳು. ಮಿಕ್ಕ ನೆಲದಲ್ಲಿ ತಮ್ಮ, ಕಾಂಕ್ರೀಟು ಕಲಸಿ ಮಾರುವ ರೆಡಿಮಿಕ್ಸ್ ಪ್ಲಾಂಟ್ ಹಾಕಿದ. ಅವನ ಲಾರಿಗಳು ಹೊಟ್ಟೆ ತಿರುಗಿಸಿಕೊಂಡು ಅವಳ ಜಾಗದ ಮುಂದೆಯೇ ಗುಡುಗುತ್ತ ಹೋಗುತ್ತಿದ್ದವು. ಸಿಮೆಂಟು, ಮರಳು, ಜಲ್ಲಿ ಕಲಸಿದ್ದಕ್ಕೆ ಗಾರೆಯವರು ಮಾಲು ಅನ್ನುತ್ತಾರೆ. ತಮ್ಮನ ಒಂದು ಹಿಡಿ ಮಾಲೂ ಸೋಕದ ಮನೆಯೊಂದನ್ನು ಅವನ ಕಣ್ಣೆದುರಿಗೇ ಎಬ್ಬಿಸಬೇಕು, ಅದು ಅವಳ ಹಟ.

ಮೇಸ್ತ್ರಿ ನಜೀರ್ ಮರಳು, ಜಲ್ಲಿಯನ್ನು ಬಾಂಡ್ಲಿಯಲ್ಲಿ ಅಳೆಯಲು ಹೋದಾಗ, “ಒಂದ್ ಬಾಂಡ್ಲಿ ಗೋಪುರ, ಒಂದ್ ಬಾಂಡ್ಲಿ ಗುಂಡಿ, ಇದೂ ಒಂದ್ ಅಳತೆನಾ?” ಎಂದು ಬೈದು ಮರದ ಪೆಟ್ಟಿಗೆ ಮಾಡಿಸಿದಳು. ಮೂಟೆ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಪ್ರತಿ ಪೆಟ್ಟಿಗೆಯ ಬಾಯಿಗೂ ಹಲಗೆ ಎಳೆದು ಮಟ್ಟ ಮಾಡಬೇಕು. ಇದಕ್ಕೆಲ್ಲ ನಜೀರ್ ಒಪ್ಪಿದ. ಜಗಳ ಹತ್ತಿದ್ದು ನೀರಿಗೆ. ಮನೆಯ ನಾಲ್ಕು ಕಂಬ ಹಾಕುವ ದಿನ ಅವಳು ನೀರಿನ ಡ್ರಮ್ಮಿಗೆ ತಾನೇ ಕಾವಲು ಕೂತಳು. ಮಿಕ್ಸರಿನಿಂದ ಬಿದ್ದ ಮಾಲು ಹುರಿದ ಹಿಟ್ಟಿನ ಹಾಗೆ ಉದುರುದುರಾಗಿತ್ತು.

“ಅಮ್ಮಾ, ಇದು ಹೊಳೆ ಮರಳಲ್ಲ, ಎಂ ಸ್ಯಾಂಡು. ಕಲ್ಲು ಪುಡಿ ಮಾಡಿದ್ದು, ನೀರು ಜಾಸ್ತಿ ಕುಡಿಯುತ್ತೆ. ಕಂಬದೊಳಗೆ ಕಂಬಿ ಬೇರೆ ಒತ್ತೊತ್ತಾಗಿದೆ. ಈ ಮಾಲು ಕೆಳಗೆ ಇಳಿಯಲ್ಲ,” ಎಂದ ನಜೀರ್.

“ಕುಡಿಯೋದು ಮರಳಾ, ನೀನಾ?”

ಕೂಲಿಯವರು ಕಿಸಕ್ಕೆಂದರು. ನಜೀರ್ ನಗಲಿಲ್ಲ.

“ಬರೀ ನೀರು ಹಾಕಿ ಅಂತಿಲ್ಲಮ್ಮ. ನೀರು ಏರಿಸಿದ ಹಾಗೆ ಸಿಮೆಂಟೂ ಏರಿಸೋಣ. ಆಗ ಬಲ ಕಮ್ಮಿ ಆಗಲ್ಲ.”

“ಓಹೋ! ಸಿಮೆಂಟು ಏರಿಸ್ಬೇಕಾ? ಏರಿಸಿದ್ದು ನನ್ ಕಂಬಕ್ಕೋ, ನಿನ್ ಮನೆಗೋ? ಈಗ್ ಗೊತ್ತಾಯ್ತು ಬುಡು ನಿನ್ ಯಾಪಾರ.”

ನಜೀರನ ಮುಖ ಕಪ್ಪಿಟ್ಟಿತು. “ಇದುವರೆಗೂ ನನ್ನ ಕಳ್ಳ ಅಂತ ಯಾರೂ ಅಂದಿಲ್ಲ. ನಿಮ್ಮ ಕಂಬ, ನಿಮ್ಮ ನೀರು. ನೀವೇ ಹಾಕಿಸ್ಕೊಳ್ಳಿ,” ಎಂದು ಕರಣೆ ತೊಳೆದು ಚೀಲಕ್ಕೆ ತುರುಕಿ, ಬೈಕ್ ಹತ್ತಿ ಹೊರಟುಹೋದ.

ಕೂಲಿಯವರ ಕೈಯಲ್ಲೇ ಅವಳು ನಾಲ್ಕೂ ಕಂಬ ತುಂಬಿಸಿದಳು. ಮೇಲಿನಿಂದ ಸರಳು ಹಾಕಿ ಕುಟ್ಟಿಸಿದಳು. ಸಾಲದೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಕುಟ್ಟಿದಳು.

ಮಾರನೇ ದಿನ ಸುತ್ತ ಬಿಗಿದಿದ್ದ ಅಚ್ಚಿನ ಹಲಗೆ ಬಿಚ್ಚಿದಾಗ ಕಂಬಗಳು ಜೇನುಹುಟ್ಟಾಗಿದ್ದವು. ಬುಡದಿಂದ ಸೊಂಟದೆತ್ತರದವರೆಗೆ ಜಲ್ಲಿ ಹಲ್ಲು ಕಿರಿಯುತ್ತಿತ್ತು, ನಡುವೆ ಕಂಬಿ ಬೆತ್ತಲೆ ನಿಂತಿತ್ತು. ಬೆರಳಿಟ್ಟರೆ ಬೆರಳೇ ಒಳಗೆ ಹೋಯಿತು. ಇದರ ಮೇಲೆ ಮನೆಯಿರಲಿ, ಕೋಳಿಗೂಡೂ ನಿಲ್ಲುವಂತಿರಲಿಲ್ಲ. ನಜೀರನಿಗೆ ಫೋನ್ ಮಾಡಿ, “ಬಾ, ಕಂಬ ಒಡೀಬೇಕು. ಸಿಮೆಂಟ್ ಎಷ್ಟ್ ಬೇಕೋ ಅಷ್ಟ್ ಆಕು,” ಎಂದಳು. ತಪ್ಪಾಯ್ತು ಎಂಬ ಮಾತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದಳು.

“ಕಳ್ಳನ್ನ ಯಾಕೆ ಕರೀತೀರಮ್ಮ?” ಎಂದು ಅವನು ಫೋನ್ ಇಟ್ಟ.

ಊರಲ್ಲಿ ಸುದ್ದಿಗೆ ಕಾಲು ಬೇಕೇ? ಸ್ವಲ್ಪ ಹೊತ್ತಿಗೆ ನಂದಕುಮಾರ ಕಾರು ನಿಲ್ಲಿಸಿ ಇಳಿದ.

“ಏನಕ್ಕಾ ಸಮಾಚಾರ? ಜೇನು ಸಾಕ್ತಿದೀಯಂತೆ?”

ಅವನು ಕಂಬದ ಸುತ್ತ ಒಂದು ಸುತ್ತು ಬಂದು, ಚಪ್ಪಲಿಯ ಮೊನೆಯಿಂದ ಒದ್ದ. ಜಲ್ಲಿ ಉದುರಿತು.

“ಒಡೆಯೋಕೆ ನನ್ ಹುಡುಗರು ಮಿಷನ್ ತರ್ತಾರೆ. ನಾಳೆ ನಮ್ ಗಾಡಿ ಬರುತ್ತೆ, ಒಂದೇ ಏಟಿಗೆ ನಾಕೂ ಕಂಬ. ನೀನು ಕಾಲು ಚಾಚ್ಕೊಂಡು ಮನೇಲಿ ಕೂತ್ಕೊ.”

“ಬೋರ್ಡೂ ತರ್ತೀಯಾ?”

“ಯಾವ್ ಬೋರ್ಡು?”

“ನಂದಕುಮಾರನ ಕೃಪೆ ಅಂತ.”

“ಹಾಕಿದ್ರೆ ತಪ್ಪೇನು? ಹೆಂಗಸು ಕಟ್ಟೋ ಮನೆ ಗತಿ ಏನಾಗುತ್ತೆ ಅಂತ ನಾಕು ಜನಕ್ಕೆ ಗೊತ್ತಾಗ್ಲಿ.”

ಮುನಿಯಲ್ಲಮ್ಮ ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ಎತ್ತಿ ಕಂಬಕ್ಕೆ ಬೀಸಿದಳು. ಚೂರು ಅವನ ಬಿಳಿ ಪಂಚೆಗೆ ಸಿಡಿಯಿತು. ಎರಡನೇ ಏಟಿಗೆ ಎತ್ತಿದ್ದ ಸುತ್ತಿಗೆಯ ಹಿಡಿಯನ್ನು ಅವನು ಹಿಡಿದುಕೊಂಡ. “ಬಿಡಕ್ಕಾ, ಸೊಂಟ ಉಳುಕುತ್ತೆ. ವಯಸ್ಸು ನೋಡ್ಕೋ.”

“ಕೈ ತೆಗಿಯೋ! ಕೆಡಿಸ್ದೋಳು ನಾನು, ಒಡಿಯೋಳೂ ನಾನೇ. ನೀರೂ ಜಾಸ್ತಿ ಆಕ್ತೀನಿ, ಸಿಮೆಂಟೂ ಜಾಸ್ತಿ ಆಕ್ತೀನಿ, ಇನ್ನೊಂದ್ ಸಲ ಕಲಸ್ತೀನಿ. ಅದೂ ಕೆಟ್ರೆ ಅದನ್ನೂ ಒಡ್ದು ಮತ್ತೆ ಕಲಸ್ತೀನಿ. ನಿನ್ ಗಾಡಿ ಏನಾರ ಈ ಕಡೆ ತಿರುಗ್ತೋ, ಅಷ್ಟೂ ಚಕ್ರದ್ ಗಾಳಿ ತೆಗ್ದುಬುಡ್ತೀನಿ. ಓಗ್, ಓಗ್ಲಾ, ಬೆಳಕಿಗ್ ಅಡ್ಡ ನಿಂತಿದೀಯ.”