ಚಾವಡಿಗೆ ಬಂದ ಹೊಸಬ

ನಾನು ಹುಟ್ಟುಕುರುಡ. ದೆವ್ವ ಕಂಡೆ, ಭೂತ ಕಂಡೆ ಎಂದು ಯಾರಾದರೂ ಶುರುಮಾಡಿದರೆ, "ನಾನಿನ್ನೂ ಮನುಷ್ಯರನ್ನೇ ಕಂಡಿಲ್ಲ, ನಿಮ್ಮ ದೆವ್ವದ ಸರದಿ ಬರಲಿಕ್ಕೆ ತಡವಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕಾರವಾರದ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿರುವ ನನಗೆ ದಿನವಿಡೀ ದನಿಗಳ ಜೊತೆಗೇ ಕೆಲಸ. ದನಿಗೆ ಹೆದರುವ ಪೈಕಿ ನಾನಲ್ಲ. ಈಗ ಬರೆಯಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಮೊದಲು ಆಟದ ವಿಷಯ ಹೇಳಬೇಕು. ಕೆಲವು ಹುಡುಗರು ಸೇರಿ ಅಂತರ್ಜಾಲದಲ್ಲಿ ಕನ್ನಡದಲ್ಲೇ ಕಟ್ಟಿದ ಆಟ ಅದು. ಚಿತ್ರವಿಲ್ಲ, ಬರೀ ಅಕ್ಷರ. ಕೋಟೆ, ಕಾಡು, ರಾಕ್ಷಸರು ಎಲ್ಲ ಬರಹದಲ್ಲೇ. 'ನೋಡು' ಎಂದು ಟೈಪ್ ಮಾಡಿದರೆ ನೀವಿರುವ ಜಾಗದಲ್ಲಿ ಏನೇನಿದೆ ಎಂಬ ವರ್ಣನೆ ಬರುತ್ತದೆ. 'ಉತ್ತರ' ಎಂದರೆ ಉತ್ತರಕ್ಕೆ ಹೋಗುತ್ತೀರಿ. ಅದೇ ಹೊತ್ತಿಗೆ ಬೇರೆ ಬೇರೆ ಊರುಗಳ ಹತ್ತಾರು ಜನ ಅದೇ ರಾಜ್ಯದಲ್ಲಿ ಅಲೆಯುತ್ತಿರುತ್ತಾರೆ, ಹರಟುತ್ತಾರೆ, ಜಗಳಾಡುತ್ತಾರೆ. ನನ್ನ ಲ್ಯಾಪ್‌ಟಾಪ್ ಪರದೆಯ ಮೇಲಿನದನ್ನೆಲ್ಲ ಕಿವಿಗೆ ಓದಿ ಹೇಳುತ್ತದೆ. ರಾಜಕುಮಾರಿಗೂ ರಾಕ್ಷಸನಿಗೂ ಕರೆಂಟ್ ಬಿಲ್ಲಿಗೂ ಅದರದ್ದು ಏರಿಳಿತವಿಲ್ಲದ ಒಂದೇ ಗೊಗ್ಗರು ದನಿ. ಕಣ್ಣಿದ್ದವರಿಗೂ ನನಗೂ ಅಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಅದರ ಖುಷಿ ನಿಮಗೆ ಎಷ್ಟು ಹೇಳಿದರೂ ಅರ್ಥವಾಗಲಿಕ್ಕಿಲ್ಲ.

ಹೊಸಬರನ್ನು ಸ್ವಾಗತಿಸುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡಿದ್ದೆ. ಹೊಸದಾಗಿ ಸೇರಿದವರು ಮೊದಲು ಬಂದು ಇಳಿಯುವುದು ಕೋಟೆಯ ಹೆಬ್ಬಾಗಿಲ ಪಕ್ಕದ ದೊಡ್ಡ ಚಾವಡಿಗೆ. ಹಳಬರು ಅವರಿಗಾಗಿ ಅಲ್ಲಿ ದೀಪ, ಕಂಬಳಿ, ಕೋಲು, ರೊಟ್ಟಿ ಬಿಟ್ಟು ಹೋಗುವುದು ಪದ್ಧತಿ. ಆದರೆ ಸ್ವಾಗತಕ್ಕೆ ನಿಂತವನು 'ಕೊಟ್ಟೆ' ಎನ್ನುವ ತನಕ ಹೊಸಬರು ಏನನ್ನೂ ಎತ್ತುವಂತಿಲ್ಲ. ಒಮ್ಮೆ ಕೊಟ್ಟೆ ಎಂದಮೇಲೆ ಅದು ಅವರದ್ದೇ, ವಾಪಸ್ ಪಡೆಯುವ ದಾರಿ ಆಟದಲ್ಲಿ ಇಲ್ಲ. ಹಿಂದೆ ಹಳಬರು ಕೊಟ್ಟು ಕಸಿದುಕೊಳ್ಳುತ್ತಿದ್ದರಂತೆ, ಅದಕ್ಕಾಗಿ ಮಾಡಿದ ನಿಯಮ. ಉಳಿದ ಸ್ವಾಗತಕಾರರು ಒಂದೊಂದೇ ವಸ್ತುವನ್ನು ಹಿಂದೆಮುಂದೆ ನೋಡಿ ಕೊಡುತ್ತಿದ್ದರು. ನನಗೆ ಆ ಜಿಪುಣತನ ಸೇರುತ್ತಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಬಾಯಾರಿಕೆಗೆ ಕೊಟ್ಟು, ಆಮೇಲೆ ಯಾರು ಎಂದು ಕೇಳುವ ಸೀಮೆಯವರು ನಾವು. "ಬನ್ನಿ, ಸುಧಾರಿಸಿಕೊಳ್ಳಿ. ಇಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದೆಲ್ಲ ಕೊಟ್ಟೆ" ಎಂದೇ ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದೆ.

ಆ ಮಳೆಗಾಲ ತಂಗಿ ಶೈಲಾ ಕೂಸನ್ನು ಕರೆದುಕೊಂಡು ಶಿರವಾಡದ ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡನ ಮನೆ ಅಂಕೋಲೆ ಕಡೆಯ ಹಾರವಾಡ. ಮೀನುಗಾರರ ಮನೆ, ದೋಣಿಗಳೆಲ್ಲ ದಡ ಸೇರಿದ್ದ ತಿಂಗಳು. ಕೂಸಿಗೆ ಇನ್ನೂ ಕೂರಲು ಬರುತ್ತಿರಲಿಲ್ಲ. ನನ್ನ ಕೋಣೆಯ ತೊಲೆಗೆ ಆಯಿಯ, ಅಂದರೆ ನಮ್ಮ ಅಮ್ಮನ, ಹಳೆಯ ಸೀರೆ ಕಟ್ಟಿ ಜೋಲಿ ಮಾಡಿದ್ದರು. ಕೂಸಿನ ತಲೆಯ ಕೆಳಗಿನ ಬಟ್ಟೆಯಲ್ಲಿ ಶೈಲಾಳ ಅತ್ತೆ ಕಳಿಸಿದ ಕಬ್ಬಿಣದ ಅಡಕತ್ತರಿ ಸದಾ ಇರುತ್ತಿತ್ತು. ಎಳೆಗೂಸಿನ ಹತ್ತಿರ ಏನೂ ಸುಳಿಯದಿರಲಿ ಎಂದು ಹಾಗೆ ಕಬ್ಬಿಣ ಇಡುತ್ತಾರೆ. "ಎಲೆಯಡಿಕೆ ಕವಳ ಹಾಕ್ಲಿಕ್ಕೆ ಮೊದ್ಲು ಹಲ್ಲು ಬರ್ಬೇಕಲ್ಲೇ ಅದಕ್ಕೆ" ಎಂದು ನಾನು ತಮಾಷೆ ಮಾಡಿದ್ದೆ.

ಒಂದು ಮಧ್ಯಾಹ್ನ ಶೈಲಾ ಮತ್ತು ಆಯಿ, ಹೊಲಿಯಲು ಹಾಕಿದ್ದ ರವಿಕೆ ತರುತ್ತೇವೆಂದು ಪೇಟೆಗೆ ಹೋದರು. ಕೂಸು ಹಾಲು ಕುಡಿದು ಮಲಗಿತ್ತು. ಮಳೆಯೆಂದು ಕಿಟಕಿ ಮುಚ್ಚಿದ್ದರು. ಬಾಗಿಲಿಗೆ ನಾನೇ ಒಳಗಿನಿಂದ ಚಿಲಕ ಹಾಕಿದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ, ಇನ್ನೊಂದನ್ನು ಜೋಲಿಯ ಕಡೆಗೆ ಬಿಟ್ಟು ಆಟ ತೆರೆದೆ.

ಸ್ವಲ್ಪ ಹೊತ್ತಿಗೆ ಒಬ್ಬ ಹೊಸಬ ಬಂದ. ಹೆಸರು ಆರಿಸಿಕೊಳ್ಳದವರನ್ನು ಆಟ 'ಅತಿಥಿ' ಎನ್ನುತ್ತದೆ, ಹಾಗೆಯೇ ಬಂದ. ನಾನು ಎಂದಿನಂತೆ ಬರಮಾಡಿಕೊಂಡೆ, ಕಣ್ಣಿಗೆ ಬಿದ್ದದ್ದೆಲ್ಲ ಕೊಟ್ಟೆ ಎಂದೆ. ಹೊಸಬರು ತಡಬಡಾಯಿಸುವುದು ಸಹಜ. "'ನೋಡು' ಎಂದು ಟೈಪ್ ಮಾಡಿ, ಏನು ಕಾಣುತ್ತದೆ ಹೇಳಿ" ಎಂದು ಬರೆದೆ.

"ಸಣ್ಣ ಕೋಣೆ. ಕಿಟಕಿ ಮುಚ್ಚಿದೆ. ಒಬ್ಬ ಕೂತಿದ್ದಾನೆ. ಒಂದು ಕಿವಿಯಲ್ಲಿ ತಂತಿ" ಎಂದು ಲ್ಯಾಪ್‌ಟಾಪ್ ಓದಿತು.

ಕಚೇರಿಯ ಯಾರೋ ಕೀಟಲೆ ಮಾಡುತ್ತಿದ್ದಾರೆ ಎಂದುಕೊಂಡೆ. ನಾನು ಒಂದೇ ಕಿವಿಗೆ ತಂತಿ ಹಾಕುವುದು ಅಲ್ಲಿ ಎಲ್ಲರಿಗೂ ಗೊತ್ತು. ಯಾರಪ್ಪಾ ನೀನು ಎಂದು ನಗುತ್ತಲೇ ಕೇಳಿದೆ.

"ಜೋಲಿ ಇದೆ. ಒಳಗೆ ಕೂಸು. ಹಳದಿ ಅಂಗಿ. ಎಡ ಅಂಗಾಲಿನಲ್ಲಿ ಕಪ್ಪು ಬೊಟ್ಟು. ಇದನ್ನು ತೆಗೆದುಕೊಳ್ಳುತ್ತೇನೆ."

ಬೇಡ ಎಂದು ಬರೆದೆ. ಬೇಡ ಎಂಬ ಎರಡು ಅಕ್ಷರ ಒತ್ತಲು ಬೆರಳು ಎಷ್ಟು ಸಲ ತಪ್ಪಿತೋ ಗೊತ್ತಿಲ್ಲ.

"ಕೊಟ್ಟೆ ಎಂದೆಯಲ್ಲ" ಎಂದಿತು, ಕರೆಂಟ್ ಬಿಲ್ ಓದುವ ಅದೇ ದನಿ. "ಕೂಸಿನ ಕೆಳಗೆ ಕಬ್ಬಿಣ ಇದೆ. ಅದು ನನಗೆ ಬೇಡ. ಅದನ್ನು ನೀನು ಆಚೆ ಇಡು."

ಆಗಲೇ ಇನ್ನೊಂದು ಕಿವಿಗೆ ತೊಲೆಯ ಮೇಲೆ ಸೀರೆಯ ಗಂಟು ಕಿರುಗುಟ್ಟುವುದು ಕೇಳಿಸಿತು. ಜೋಲಿ ತೂಗುತ್ತಿತ್ತು. ಕೂಸು ಎದ್ದು ಒದ್ದಾಡಿದರೆ ಆಗುವ ಸದ್ದು ನನಗೆ ಗೊತ್ತು, ಅದು ಹಾಗಿರಲಿಲ್ಲ. ಯಾರೋ ಪಕ್ಕದಲ್ಲಿ ನಿಂತು ನಿಧಾನವಾಗಿ, ಸಮಾಧಾನದಿಂದ ತೂಗುವ ಸದ್ದು.

ಆ ಕೋಣೆಯಲ್ಲಿ ನಾನು ಯಾವತ್ತೂ ಎಡವಿದವನಲ್ಲ. ಅಂದು ಸ್ಟೂಲಿಗೆ ಎಡವಿ ಮೊಣಕಾಲೂರಿ ಬಿದ್ದೆ, ತೆವಳಿಕೊಂಡೇ ಜೋಲಿಯನ್ನು ಹಿಡಿದೆ. ಅದು ನನ್ನ ಕೈಯನ್ನು ಒಮ್ಮೆ ಎಳೆಯಿತು, ಆಮೇಲೆ ನಿಂತಿತು. ಕೂಸನ್ನೂ ಅಡಕತ್ತರಿಯನ್ನೂ ಬಟ್ಟೆಯ ಸಮೇತ ಬಾಚಿ ಎದೆಗೊತ್ತಿಕೊಂಡೆ. ಬೀಳುವಾಗ ಇಯರ್‌ಫೋನಿನ ತಂತಿ ಕಿತ್ತುಬಂದಿತ್ತು. ಹಾಗಾಗಿ ಕೊನೆಯ ಮಾತನ್ನು ಲ್ಯಾಪ್‌ಟಾಪ್ ಕೋಣೆಗೆಲ್ಲ ಕೇಳುವ ಹಾಗೆ ಓದಿತು.

"ಇರಲಿ. ದೊಡ್ಡದಾಗಲಿ."

ನಾನು ಮೂಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಎದುರಿಗೆ ಏನಿದೆ ಎಂದು ತಿಳಿಯುವಂತಿರಲಿಲ್ಲ. ಕುರುಡುತನ ನನಗೆ ಕಷ್ಟವೆನಿಸಿದ್ದು ಅಂದೇ. ಬಾಗಿಲು ತಟ್ಟಿದಾಗಲೂ ಆಯಿ ಮತ್ತು ಶೈಲಾ ಇಬ್ಬರ ದನಿಯೂ ಕೇಳುವ ತನಕ ಚಿಲಕ ತೆಗೆಯಲಿಲ್ಲ.

"ಎಂತಾ ಆಯ್ತೋ ಅಣ್ಣಾ?" ಎಂದಳು ಶೈಲಾ.

ಕೂಸಿಗೆ ಯಾವ ಬಣ್ಣದ ಅಂಗಿ ಹಾಕಿದ್ದೀಯೆ ಎಂದು ಕೇಳಿದೆ. ಹುಟ್ಟಿದಾಗಿನಿಂದ ನಾನು ಬಣ್ಣ ಕೇಳಿದ್ದೇ ಇಲ್ಲ. ಅವಳು ಗಾಬರಿಯಾದಳು.

"ಹಳದಿ. ಅದ್ಕೇನಾಯ್ತು ಈಗ?"

"ಬೊಟ್ಟು?"

"ಎಡಗಾಲಿಗೆ ಇಟ್ಟಿದ್ದೆ. ದೃಷ್ಟಿ ಆಗ್ಬಾರ್ದು ಅಂತ. ನಿಂಗ್ಯಾರು ಹೇಳಿದ್ರು ಮಾರಾಯಾ?"

ಕೂಸು ಅತ್ತಿತು, ಹೆದರಿದೆ ಎಂದು ಸುಳ್ಳು ಹೇಳಿದೆ. ಹೆತ್ತವಳ ಎದುರು ನಿಂತು, ನಿನ್ನ ಮಗಳನ್ನು ಕೊಟ್ಟುಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ?

ಆಮೇಲೆ ತಲೆ ಕೆಡಿಸಿಕೊಂಡು ಯೋಚಿಸಿದ್ದೇನೆ. ಕಿಟಕಿಯಿಂದ ಯಾರಾದರೂ ಇಣುಕಿದರೇ? ಕಿಟಕಿಗೆ ಅಗಳಿ ಹಾಕಿತ್ತು. ಲ್ಯಾಪ್‌ಟಾಪಿನ ಕ್ಯಾಮೆರಾದೊಳಗೆ ಯಾರಾದರೂ ಹೊಕ್ಕು ನೋಡಿದರೇ? ಕಚೇರಿಯ ಒಬ್ಬ ಗೆಳೆಯ ಹಾಗೆಯೂ ಆಗಬಹುದು ಎಂದ. ಆದರೆ ಜೋಲಿ ಕ್ಯಾಮೆರಾದ ಹಿಂದೆ ಇತ್ತು. ಮೇಲಾಗಿ, ಸೀರೆಯ ಜೋಲಿ ಕೂಸಿನ ಮೇಲೆ ಮುಚ್ಚಿಕೊಳ್ಳುತ್ತದೆ. ಅಂಗಾಲು ಕಾಣಬೇಕಾದರೆ ಪಕ್ಕದಲ್ಲೇ ನಿಂತು ಸೀರೆ ಸರಿಸಿ ಬಗ್ಗಿ ನೋಡಬೇಕು. ಆಟ ಕಟ್ಟಿದ ಹುಡುಗರನ್ನೂ ವಿಚಾರಿಸಿದೆ. ಅತಿಥಿ ಎಂಬ ಹೆಸರಲ್ಲಿ ದಿನಕ್ಕೆ ಎಷ್ಟೋ ಜನ ಬಂದು ಹೋಗುತ್ತಾರೆ, ಯಾರೆಂದು ಹೇಗೆ ಹೇಳುವುದು ಎಂದರು. ನಾನು ಆಟ ಬಿಟ್ಟೆ. ಆದರೆ ಆಡಿದ ಮಾತು ಬಿಡಬೇಕಲ್ಲ.

ಕೂಸು ಈಗ ಶಾಲೆಗೆ ಹೋಗುತ್ತದೆ. ಹಾರವಾಡಕ್ಕೆ ಹೋದಾಗಲೆಲ್ಲ ನನ್ನ ಕೈಹಿಡಿದು ಸಮುದ್ರದ ದಂಡೆಗೆ ಕರೆದೊಯ್ಯುತ್ತದೆ. ಇಷ್ಟು ಸಣ್ಣ ಹುಡುಗಿ ಕುರುಡು ಮಾಮನನ್ನು ಎಷ್ಟು ಚೆಂದ ನಡೆಸುತ್ತದೆ ಎಂದು ಕಂಡವರು ಮೆಚ್ಚಿಕೊಳ್ಳುತ್ತಾರೆ. ಮೊನ್ನೆ ಹೋದಾಗ ಅಲೆಯ ಸದ್ದು ಹತ್ತಿರವಾಗುತ್ತಲೇ ಅದು ಕೈ ಕೊಸರಿಕೊಂಡು ಓಡಲು ನೋಡಿತು. "ಬಿಡಾ ಬಾವ, ಸಮುದ್ರದ ಮನೆ ಹುಡುಗಿ ಅದು, ಆಡ್ಲಿ" ಎಂದು ಅದರ ಅಪ್ಪ ಹಿಂದಿನಿಂದ ನಗುತ್ತಿದ್ದ.

"ಮಾಮಾ, ಕೈ ನೋಯ್ತದೆ, ಬಿಡು" ಎಂದಿತು ಕೂಸು.

ಬಿಟ್ಟೆ ಎಂದು ಹೇಳಬೇಕಿತ್ತು, ಅಷ್ಟೆ. ನನ್ನಿಂದ ಆಗಲಿಲ್ಲ. ಅದು ಅಳಲು ಶುರುಮಾಡಿದ ಮೇಲೂ ನಾನು ಕೈ ಸಡಿಲಿಸಲಿಲ್ಲ.